ನೂರಕ್ಕೂ ಜಾಸ್ತಿ ಚಿತ್ರ, ಒಂದಕ್ಕೂ ತಕರಾರಿಲ್ಲ

ತುಮಕೂರು ಜಿಲ್ಲೆಯ ಗುಡಿಗಳ ಮೇಲಿನ ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಚಿತ್ರಗಳೇ ನೂರು ಚಿಲ್ಲರೆ. ಪ್ರತಿ ಚಿತ್ರದ ಕೆಳಗೂ ಪೂರ್ತಿ ಮೂಲ ಹಾಕ್ತೀನಿ ಅಂದಾಗ ವಿಭಾಗದ ಹಿರಿಯರೊಬ್ಬರು ನಕ್ಕಿದ್ದರು. "ಇದೆಲ್ಲಾ ಯಾಕ್ರೀ ಮೇಷ್ಟ್ರೇ? ಕೊನೇಲಿ ಚಿತ್ರಕೃಪೆ ಅಂತ ಒಂದು ಪುಟ ಹಾಕಿದ್ರಾಯ್ತು." ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಚಿತ್ರಗಳ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ಈಗ ಅವರೇ ತಮ್ಮ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ಎಕ್ಸೆಲ್ ಪಟ್ಟಿ ಮಾಡಿದ್ದೆ. ಕೆಲಸಕ್ಕೆ ಬರಲಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ತೆಗೆದ ದಿನವೂ ಉಳಿದಿರಲ್ಲ, ಜಾಗವೂ ಉಳಿದಿರಲ್ಲ. ಪಟ್ಟಿಯಲ್ಲಿ ಏನಂತ ಬರೆಯೋದು? ಈಗ ಗುಡಿಗೆ ಹೋದರೆ ಮೊದಲ ಫೋಟೋ ಬೋರ್ಡಿನದು. ಆಮೇಲೆ ಭಾಗ, ದಿಕ್ಕು ಬರೆದ ಚೀಟಿಯದು. ಶಿಲ್ಪ ಅದಾದ ಮೇಲೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಚಾವಣಿಯಲ್ಲಿ ನಟರಾಜನ ಸುತ್ತ ಎಂಟು ದಿಕ್ಪಾಲಕರಿದ್ದಾರಲ್ಲ, ಬಿಡಿಬಿಡಿಯಾಗಿ ತೆಗೆದು ತಂದರೆ ಯಾರು ಯಾವ ಕಡೆಯವರು ಅಂತ ಮನೆಯಲ್ಲಿ ಕೂತು ಹೇಳಿ ನೋಡೋಣ!

ನನ್ನ ಅಡಿಬರಹ ಹೀಗೆ: "ಚಿತ್ರ 3.2: ನಟರಾಜ, ಚಾವಣಿ, ಕಲ್ಲೇಶ್ವರ ಗುಡಿ, ಅರಳಗುಪ್ಪೆ. ಫೋಟೋ: ಲೇಖಕ, 2022." ಬೇರೆಯವರದಾದರೆ ತೆಗೆದವರ ಹೆಸರು, ಸಿಕ್ಕ ಜಾಗ, ಲೈಸೆನ್ಸ್ ಮೂರೂ ಬೇಕು. 'ಕೃಪೆ: ಗೂಗಲ್' ಅಂತ ಬರೆಯೋರನ್ನು ಕಂಡರೆ ನನಗಾಗಲ್ಲ. ಗೂಗಲ್ ಹುಡುಕಿಕೊಟ್ಟಿದ್ದು, ಫೋಟೋ ತೆಗೆದಿದ್ದಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಸಂಪುಟ 1904ರದು. ನಮ್ಮ ಕಾಯ್ದೆಯಲ್ಲಿ 2012ರ ತಿದ್ದುಪಡಿಗೆ ಮುಂಚೆ ಪ್ರಕಟವಾದ ಫೋಟೋಗೆ 60 ವರ್ಷ ಹಕ್ಕಿತ್ತು, ಅದರಿಂದ ತಗೊಂಡ ಚಿತ್ರಗಳದ್ದು ಎಂದೋ ಮುಗಿದಿದೆ. ಆದರೂ ಸಂಪುಟ, ವರ್ಷ, ಪುಟ ಹಾಕಿದೆ. ಅನುಮತಿ ಬೇಡ ಅಂದರೆ ಮೂಲ ಬೇಡ ಅಂತಲ್ಲ.

ದುಡ್ಡು ಹೋಗಿದ್ದು ಡಿಟಿಪಿಯಲ್ಲಿ. ನಂಬರ್‌ಗಳನ್ನೆಲ್ಲಾ ಕೈಯಲ್ಲೇ ಟೈಪ್ ಮಾಡಿದ್ದರು. ನಡುವೆ ಒಂದು ಚಿತ್ರ ಸೇರಿಸಿದರೆ ಮುಂದಿನದೆಲ್ಲಾ ತಪ್ಪು, ತಿದ್ದಿದ ಪುಟಕ್ಕೆ ಮತ್ತೆ ದುಡ್ಡು. ಎರಡು ಮೂರು ಸಾವಿರ ಹಾಗೇ ಹೋಯಿತು. ಕೊನೆಗೆ ನುಡಿ ಫಾಂಟ್ ಬಿಟ್ಟು ಯೂನಿಕೋಡ್‌ಗೆ ಬಂದು, ವರ್ಡ್‌ನ ಇನ್ಸರ್ಟ್ ಕ್ಯಾಪ್ಷನ್ ಮತ್ತು ಕ್ರಾಸ್ ರೆಫರೆನ್ಸ್ ಹಿಡಿದೆ. ಎಲ್ಲಾ ಸೆಲೆಕ್ಟ್ ಮಾಡಿ ಎಫ್9 ಒತ್ತಿದರೆ ನಂಬರ್ ತಾನೇ ಸರಿಹೋಗುತ್ತೆ. ಅಧ್ಯಾಯದ ಅಂಕಿ ಕನ್ನಡ ತಲೆಬರಹದ ಜೊತೆಗೂ ಕೆಡದೆ ಬರೋದಕ್ಕೆ ಒಂದು ಉಪಾಯ ಇದೆ, ಅದನ್ನಿಲ್ಲಿ ಹೇಳಲ್ಲ. ಕಾಫಿ ಕುಡಿಸಿದವರಿಗೆ ಮಾತ್ರ.

ಖರ್ಚು ಉಳಿಸೋಕೆ ಎಲ್ಲವನ್ನೂ ಕಪ್ಪು ಬಿಳುಪಲ್ಲಿ ಹಾಕಿ ನೋಡಿದೆ. ಕಲ್ಲಿನ ಶಿಲ್ಪಗಳು ಇನ್ನೂ ಚೆನ್ನಾಗೇ ಕಂಡವು. ಸೀಬಿ ನರಸಿಂಹ ಗುಡಿಯ ಚಾವಣಿಯಲ್ಲಿ ಬಣ್ಣದಲ್ಲಿ ಬರೆದ ಚಿತ್ರಗಳು ಮಾತ್ರ ಮಸಿ ಮಸಿ. ಅವಕ್ಕಷ್ಟೇ ಕಲರ್ ಕೊಟ್ಟೆ. ಐದು ಪ್ರತಿಗೆ ಆರು ಸಾವಿರ ಆಗಬೇಕಿದ್ದದ್ದು ಎರಡು ಎರಡೂವರೆಯಲ್ಲಿ ಮುಗಿಯಿತು.