ಪ್ಯಾರಸಿಟಮಾಲ್ ಎಷ್ಟು ಕರಗುತ್ತದೆ? ದಾವಣಗೆರೆ ಬಿಸಿಲಲ್ಲಿ ನಾನು ಅಳೆದ ಬಗೆ

ಮಕ್ಕಳ ಪ್ಯಾರಸಿಟಮಾಲ್ ಬಾಟಲಿ ಮೇಲೆ 5 ಎಂಎಲ್‌ಗೆ 125 ಎಂಜಿ ಅಂತ ಇರುತ್ತದೆ, ಅಲ್ವಾ? ಅಂದರೆ 1 ಎಂಎಲ್‌ಗೆ 25. ಆದರೆ 25 ಡಿಗ್ರಿಯಲ್ಲಿ ಬರೀ ನೀರಿಗೆ ಕರಗುವುದು ಸುಮಾರು 14 ಎಂಜಿ. ಪೂರ್ತಿ ಕರಗಬೇಕಾದರೆ ಇನ್ನೊಂದು ದ್ರಾವಕ ಬೆರೆಸಬೇಕು. ಎಷ್ಟು ಬೆರೆಸಿದರೆ ಎಷ್ಟು ಕರಗುತ್ತದೆ ಅನ್ನೋದೇ ನನ್ನ ಎಂ.ಫಾರ್ಮ್ ಪ್ರಾಜೆಕ್ಟ್. ವಿಧಾನ ಕೈಗೆ ಹತ್ತಲಿ ಎಂದು ಮೊದಲು ನೀರು-ಎಥನಾಲ್ ಹಿಡಿದೆ.

ಎರಡನ್ನೂ ತೂಕ ಮಾಡಿಯೇ ಬೆರೆಸಿ. 50 ಎಂಎಲ್ ನೀರಿಗೆ 50 ಎಂಎಲ್ ಎಥನಾಲ್ ಹಾಕಿದರೆ 100 ಆಗುವುದಿಲ್ಲ, 96-97ಕ್ಕೇ ನಿಲ್ಲುತ್ತದೆ.

ಶುರು ಮಾಡಿದ್ದು ಏಪ್ರಿಲ್‌ನಲ್ಲಿ. ಸ್ವಲ್ಪ ಕರಗದೆ ಉಳಿಯುವಷ್ಟು ಪುಡಿ ಜಾಸ್ತಿಯೇ ಹಾಕಿ, ಬಾಟಲಿಗಳ ಮುಚ್ಚಳ ಬಿಗಿ ಮಾಡಿ, ಅವನ್ನು ನೀರಿನಲ್ಲಿಟ್ಟು ಅಲುಗಾಡಿಸುವ ವಾಟರ್ ಬಾತ್ ಶೇಕರ್‌ಗೆ 25 ಡಿಗ್ರಿ ಕೊಟ್ಟೆ. ಮಧ್ಯಾಹ್ನ ಥರ್ಮಾಮೀಟರ್ ಅದ್ದಿದರೆ 33! ನಮ್ಮ ಶೇಕರ್ ನೀರು ಬಿಸಿ ಮಾಡುತ್ತದೆ, ತಣ್ಣಗೆ ಮಾಡುವುದಿಲ್ಲ. ಬೆಳಿಗ್ಗೆಯ ಸ್ಯಾಂಪಲ್‌ಗೊಂದು ಉತ್ತರ, ಸಂಜೆಯದಕ್ಕೆ ಇನ್ನೊಂದು. ಒಂದು ವಾರದ ಕೆಲಸ ಪೂರ್ತಿ ಬಿಟ್ಟು 40, 45, 50 ಡಿಗ್ರಿಗೆ ಬದಲಾಯಿಸಿದೆ.

ಆಗ ಬೇರೆ ಕಾಟ. 50 ಡಿಗ್ರಿಯ ದ್ರಾವಣ ತಣ್ಣನೆ ಸಿರಿಂಜಿಗೆ ಬಂದ ತಕ್ಷಣ ಒಳಗೇ ಹರಳು ಕಟ್ಟುತ್ತಿತ್ತು. ಸಿರಿಂಜ್, ಫಿಲ್ಟರ್ ಎರಡನ್ನೂ ಓವನ್‌ನಲ್ಲಿ ಅಷ್ಟೇ ಬಿಸಿಯಲ್ಲಿಟ್ಟು, ಸೋಸಿದ ಮೊದಲ ಎರಡು ಎಂಎಲ್ ಚೆಲ್ಲಿ, ಉಳಿದದ್ದನ್ನು ಕೂಡಲೇ ತೆಳು ಮಾಡಿ 243 ನ್ಯಾನೋಮೀಟರ್‌ನಲ್ಲಿ ಯುವಿ ರೀಡಿಂಗ್ ತೆಗೆದೆ; ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅನ್ನೋದರಿಂದ ಎಷ್ಟು ಕರಗಿದೆ ಅಂತ ಗೊತ್ತಾಗುತ್ತದೆ. 24 ಗಂಟೆಯದೂ 48 ಗಂಟೆಯದೂ ಒಂದೇ ಬಂದರೆ ಮಾತ್ರ ಬರೆದುಕೊಂಡೆ.

ಇಷ್ಟಾದರೂ ಅಂಕಿಗಳು ಯಾಲ್ಕೋವ್ಸ್ಕಿ ಎಂಬ ವಿಜ್ಞಾನಿಯ ನೇರ ಗೆರೆ ಮೇಲೆ ಕೂರಲಿಲ್ಲ. ಬರೀ ನೀರು, ಬರೀ ಎಥನಾಲ್, ಇವೆರಡರಲ್ಲಿ ಕರಗುವ ಪ್ರಮಾಣದ ಲಾಗ್ ಬೆಲೆಗಳನ್ನು ಜೋಡಿಸಿ ಎಳೆಯುವ ಗೆರೆ ಅದು. ನನ್ನ ಚುಕ್ಕಿಗಳು ಅದಕ್ಕಿಂತ ಮೇಲೆ ಹೋಗಿ, ಎಥನಾಲ್ ಶೇ. 80ರ ಆಸುಪಾಸಿನಲ್ಲಿ ತುದಿ ಮುಟ್ಟಿ, ಮತ್ತೆ ಇಳಿದವು. ಮತ್ತೆ ನನ್ನದೇ ತಪ್ಪು ಅಂದುಕೊಂಡು ತುದಿಯ ಹತ್ತಿರದ ಮೂರು ಬಾಟಲಿ ಎರಡು ಸಲ ಮಾಡಿದೆ. ಅದೇ ಉತ್ತರ. ಈ ಔಷಧಿಯ ಗುಣವೇ ಹಾಗೆ: ಬರೀ ಎಥನಾಲ್‌ಗಿಂತ ಸ್ವಲ್ಪ ನೀರು ಸೇರಿದ ಎಥನಾಲ್‌ನಲ್ಲೇ ಜಾಸ್ತಿ ಕರಗುತ್ತದೆ.

ಆಮೇಲೆ ಜೂಯಬಾನ್-ಏಕ್ರೀ ಎಂಬ ಇಬ್ಬರ ಹೆಸರಿನ ಲೆಕ್ಕದ ಮಾದರಿ ಹಿಡಿದೆ. ನೇರ ಗೆರೆಯಿಂದ ಚುಕ್ಕಿ ಎಷ್ಟು ದೂರ ಇದೆಯೋ ಅದನ್ನೇ ಈ ಮಾದರಿ ಲೆಕ್ಕಕ್ಕೆ ತರುತ್ತದೆ, ತಾಪಮಾನವೂ ಅದರೊಳಗೇ ಇದೆ. ಎಕ್ಸೆಲ್‌ನಲ್ಲೇ ಆಗುತ್ತದೆ, ಆದರೆ ಚುಕ್ಕಿಗಳಿಗೆ ಸಮೀಕರಣ ಹೊಂದಿಸುವ ರಿಗ್ರೆಷನ್‌ನಲ್ಲಿ ಇಂಟರ್‌ಸೆಪ್ಟ್ (ಸಮೀಕರಣದ ಸ್ಥಿರಾಂಕ) ಸೊನ್ನೆ ಮಾಡುವುದನ್ನು ಮರೆಯಬೇಡಿ. ಮೂರೂ ತಾಪಮಾನದ ಚುಕ್ಕಿಗಳು ಒಂದೇ ಸಮೀಕರಣಕ್ಕೆ ಬಂದು ಕೂತಾಗ ಎಷ್ಟು ಖುಷಿಯಾಯಿತು ಗೊತ್ತಾ!

ಈಗ ಎಥನಾಲ್ ಬದಲು ಪ್ರೊಪಿಲೀನ್ ಗ್ಲೈಕಾಲ್ ಎಂಬ ಇನ್ನೊಂದು ದ್ರಾವಕ ಶುರುವಾಗಿದೆ. ಮಂದವಾಗಿರುವುದರಿಂದ ಫಿಲ್ಟರ್‌ನಲ್ಲಿ ನಿಧಾನಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ತಣ್ಣಗಾಗದ ಹಾಗೆ ನೋಡಿಕೊಳ್ಳಬೇಕು.