ಗ್ರಿಮೆಟನ್‌ನ 17.2 ಕಿಲೋಹರ್ಟ್ಜ್ ಸಂಕೇತ ಹಿಡಿಯುವುದು ಹೇಗೆ

ಸ್ವೀಡನ್ನಿನ ಗ್ರಿಮೆಟನ್ ರೇಡಿಯೊ ಕೇಂದ್ರದ ಎಸ್‌ಎಕ್ಯೂ (ಇದು ಅದರ ಕರೆಗುರುತು) 1924ರಲ್ಲಿ ಕೆಲಸ ಶುರುಮಾಡಿದ ಟ್ರಾನ್ಸ್‌ಮಿಟರ್. ಅದರೊಳಗಿನ ಅಲೆಕ್ಸಾಂಡರ್‌ಸನ್ ಆಲ್ಟರ್ನೇಟರ್ ಎಂಬ ತಿರುಗುವ ವಿದ್ಯುತ್ ಯಂತ್ರದ ಚಕ್ರ ತಿರುಗುವ ವೇಗವೇ ಅದರ ಆವರ್ತನವನ್ನು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಜುಲೈ 2ರ ಹತ್ತಿರದ ಭಾನುವಾರ ಮತ್ತು ಡಿಸೆಂಬರ್ 24ರಂದು ಮೋರ್ಸ್ ಸಂದೇಶ ಬರುತ್ತದೆ. ಸುಮಾರು ಅರ್ಧ ಗಂಟೆ ಮುಂಚೆಯೇ ಟ್ಯೂನಿಂಗ್ ಶುರುವಾಗುವುದರಿಂದ ಆಗಲೇ ತಯಾರಾಗಿ ಕೂರಿ.

ಬೇರೆ ರೇಡಿಯೊ ಬೇಕಿಲ್ಲ, ಲ್ಯಾಪ್‌ಟಾಪಿನ ಸೌಂಡ್ ಕಾರ್ಡ್ ಸಾಕು. ಸ್ಯಾಂಪಲಿಂಗ್ (ಕಾರ್ಡ್ ಸಂಕೇತವನ್ನು ಅಳೆಯುವ ವೇಗ) 48 ಕಿಲೋಹರ್ಟ್ಜ್‌ಗೆ ಇಡಿ. ನಾಯ್ಸ್ ಸಪ್ರೆಷನ್, ಎಕೋ ಕ್ಯಾನ್ಸಲೇಷನ್ ಎರಡನ್ನೂ ಆಫ್ ಮಾಡಿ. ಮರೆತರೆ ಅವು ಸಂಕೇತವನ್ನೇ ಗದ್ದಲವೆಂದು ಅಳಿಸಿಹಾಕುತ್ತವೆ.

ಆಂಟೆನಾ ಆಗಿ ಒಂದು ಲೂಪ್ (ತಂತಿ ಸುರುಳಿ) ಬೇಕು. 1 ಮೀಟರ್ ಚೌಕದ ಮರದ ಚೌಕಟ್ಟಿಗೆ 0.4 ಮಿ.ಮೀ. ಎನಾಮೆಲ್ ತಂತಿಯನ್ನು 50 ಸುತ್ತು ಸುತ್ತಿ. 200 ಮೀಟರ್ ತಂತಿ ಹಿಡಿಯುತ್ತದೆ. ಇಂಡಕ್ಟೆನ್ಸ್ ಸುಮಾರು 9 ಮಿಲಿಹೆನ್ರಿ ಬರುತ್ತದೆ, ಅದಕ್ಕೆ ಅಡ್ಡಲಾಗಿ 9 ನ್ಯಾನೊಫ್ಯಾರಡ್ ಆಸುಪಾಸಿನ ಕೆಪಾಸಿಟರ್ ಬೇಕು. ಪಾಲಿಪ್ರೊಪಿಲೀನ್ ಆಗಿರಲಿ, ಅಗ್ಗದ ಸೆರಾಮಿಕ್ ಬಿಸಿಲಿಗೆ ಕೆಪಾಸಿಟೆನ್ಸ್ ಬದಲಿಸಿ ಟ್ಯೂನಿಂಗ್ ಜಾರಿಸುತ್ತದೆ. ಈ ಲೂಪನ್ನು ನೇರವಾಗಿ ಮೈಕ್ ಇನ್‌ಪುಟ್‌ಗೆ ಜೋಡಿಸಬೇಡಿ, ಇನ್‌ಪುಟ್ಟಿನ ಕಡಿಮೆ ಇಂಪೀಡೆನ್ಸ್ (ವಿದ್ಯುತ್ ತಡೆ) ಲೂಪಿನ ಅನುರಣನವನ್ನೇ (ಒಂದೇ ಆವರ್ತನಕ್ಕೆ ಜೋರಾಗಿ ಸ್ಪಂದಿಸುವ ಗುಣ) ಸಾಯಿಸುತ್ತದೆ. ಪಕ್ಕದಲ್ಲೇ 5 ಸುತ್ತಿನ ಪ್ರತ್ಯೇಕ ಸುರುಳಿ ಹಾಕಿ, 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಒಳಗೆ ಕೊಡಿ. ಇನ್‌ಪುಟ್‌ಗೆ ಅಡ್ಡಲಾಗಿ ಎರಡು 1ಎನ್4148 ಡಯೋಡುಗಳನ್ನು ಪಕ್ಕಪಕ್ಕದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹಾಕಿದರೆ ಸಿಡಿಲಿನ ಸಣ್ಣ ಹೊಡೆತಗಳಿಂದ ಕಾರ್ಡಿಗೆ ರಕ್ಷಣೆ.

ಟ್ಯೂನ್ ಮಾಡಲು ಲ್ಯಾಪ್‌ಟಾಪಿನ ಸ್ಪೆಕ್ಟ್ರಮ್ ತಂತ್ರಾಂಶದಲ್ಲಿ ವಾಟರ್‌ಫಾಲ್ (ಪ್ರತಿ ಆವರ್ತನದ ಬಲವನ್ನು ಹರಿಯುವಂತೆ ತೋರಿಸುವ ಚಿತ್ರ) ನೋಡಿ. ಗದ್ದಲದ ನಡುವೆ ಒಂದು ಮಸುಕು ಉಬ್ಬು ಕಾಣುತ್ತದೆ, ಅದೇ ನಿಮ್ಮ ಲೂಪಿನ ಅನುರಣನ. ಉಬ್ಬು 17.2ಕ್ಕಿಂತ ಮೇಲಿದ್ದರೆ ಅಡ್ಡಲಾಗಿ ಇನ್ನೊಂದಿಷ್ಟು ಪಿಕೊಫ್ಯಾರಡ್ ಸೇರಿಸಿ, ಕೆಳಗಿದ್ದರೆ ಕಡಿಮೆ ಮಾಡಿ.

ನಿಜವಾದ ಶತ್ರು ಗದ್ದಲ ಎಬ್ಬಿಸುವ ಸ್ವಿಚಿಂಗ್ ಅಡಾಪ್ಟರ್ (ಲ್ಯಾಪ್‌ಟಾಪ್ ಚಾರ್ಜರಿನಂಥದ್ದು). ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ, ಲೂಪನ್ನು ಕಟ್ಟಡದಿಂದ ದೂರ ಒಯ್ಯಿರಿ. ಲೂಪಿನ ಅಂಚು ಗ್ರಿಮೆಟನ್ ಕಡೆಗಿದ್ದಾಗ ಸಂಕೇತ ಜೋರು. ಆದರೂ ಅಗಲ ಮುಖವನ್ನು ಗದ್ದಲದ ಮೂಲಕ್ಕೆ ತಿರುಗಿಸಿ ಅದನ್ನು ಅಡಗಿಸುವುದೇ ಹೆಚ್ಚು ಫಲ ಕೊಡುತ್ತದೆ.

ಇಲ್ಲಿ ಹಲವರು ಮೋಸಹೋಗುತ್ತಾರೆ: 17,200 ಎಂಬುದು 50ರ 344ನೇ ಗುಣಕ. 50 ಹರ್ಟ್ಜ್ ವಿದ್ಯುತ್ ಇರುವಲ್ಲಿ ಅದೇ ಜಾಗದಲ್ಲಿ ಹಾರ್ಮೋನಿಕ್ (50ರ ಗುಣಕದ ಆವರ್ತನ) ಗೆರೆಯೊಂದು ಕೂತಿರಬಹುದು. ಅದು ಬಿಡದೆ ಉರಿಯುತ್ತದೆ, 17,150 ಮತ್ತು 17,250ರಲ್ಲೂ ಅದರ ಜೊತೆಗಾರರು ಕಾಣುತ್ತಾರೆ. ಎಸ್‌ಎಕ್ಯೂ ಗೆರೆ ಮೋರ್ಸ್ ಲಯಕ್ಕೆ ತುಂಡುತುಂಡಾಗಿರುತ್ತದೆ. ಮೊದಲು ಕೇಳಿಬರುವುದು ವಿ ಅಕ್ಷರ, ಮೂರು ಚುಕ್ಕೆ ಒಂದು ಗೆರೆ.