ಫ್ಯಾಟಿ ಲಿವರ್ ಜೊತೆಗೆ ವಿಟಮಿನ್ ಡಿ ಕೊರತೆ: ಮುಂದೇನು ಮಾಡಬೇಕು?

ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’, ಅಂದರೆ ಲಿವರಿನಲ್ಲಿ ಕೊಬ್ಬು ಸೇರತೊಡಗಿದ ಮೊದಲ ಹಂತ, ಎಂದು ಬರುತ್ತದೆ, ರಕ್ತದ ರಿಪೋರ್ಟಿನಲ್ಲಿ ವಿಟಮಿನ್ ಡಿ 12 (ng/mL ಲೆಕ್ಕದಲ್ಲಿ). ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಆಗ ಮೊದಲು ಏಳುವ ಪ್ರಶ್ನೆ: ಡಿ ಗುಳಿಗೆ ತಗೊಂಡರೆ ಲಿವರಿನ ಕೊಬ್ಬೂ ಕರಗುತ್ತದಾ? ಆ ಭರವಸೆ ಇಟ್ಟುಕೊಳ್ಳಬೇಡಿ.

ಇವೆರಡಕ್ಕೂ ನಂಟಿದೆ, ನಿಜ. ಬಿಸಿಲಿಗೆ ಚರ್ಮದಲ್ಲಿ ತಯಾರಾದ ವಿಟಮಿನ್ ಡಿ ಮೊದಲು ಲಿವರಿಗೆ ಹೋಗಿ ರೂಪ ಬದಲಿಸುತ್ತದೆ. ಲ್ಯಾಬಿನವರು ಅಳೆಯುವುದು ಆ ರೂಪವನ್ನೇ. ಅದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಅಲ್ಲೇ ಸೇರಿಕೊಂಡು ರಕ್ತದಲ್ಲಿ ಕಡಿಮೆಯಾಗುತ್ತದೆ. ಹೊಟ್ಟೆಯ ಬೊಜ್ಜು, ದಿನವಿಡೀ ಒಳಗೇ ಕೂತು ಮಾಡುವ ಕೆಲಸ ಎರಡಕ್ಕೂ ದಾರಿ ಮಾಡಿಕೊಡುತ್ತವೆ. ಆದರೆ ಡಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಲಿವರ್ ಸುಧಾರಿಸಿದ ಫಲಿತಾಂಶ ಒಂದೇ ಥರ ಬಂದಿಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಕೆಲಸ ಮಾಡಬೇಕು.

ಮೊದಲು ರಿಪೋರ್ಟ್ ನೋಡಿ. ಡಿ 20ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಲಿವರಿನದು ಗ್ರೇಡ್ ನೋಡಿ ಸುಮ್ಮನಾಗುವ ವಿಷಯವಲ್ಲ. ‘ಫಿಬ್-4 ಎಷ್ಟು?’ ಎಂದು ಡಾಕ್ಟರನ್ನು ಕೇಳಿ. ಲಿವರಿಗೆ ಎಷ್ಟು ಪೆಟ್ಟಾಗಿರಬಹುದು ಎಂದು ಅಂದಾಜಿಸುವ ಅಂಕ ಅದು. ವಯಸ್ಸು, ರಕ್ತಪರೀಕ್ಷೆಯಲ್ಲಿ ಸಿಗುವ ಎಎಸ್‌ಟಿ, ಎಎಲ್‌ಟಿ (ಲಿವರಿನ ಕಿಣ್ವಗಳು), ಪ್ಲೇಟ್‌ಲೆಟ್ ಇಷ್ಟರಿಂದಲೇ ಲೆಕ್ಕ ಹಾಕಬಹುದು. 1.3ಕ್ಕಿಂತ ಕಡಿಮೆ ಇದ್ದರೆ ಒಳಗೆ ಗಾಯದ ಕಲೆ ಬಿದ್ದು ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಹೆಚ್ಚಿದ್ದರೆ ಆ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾಗಬಹುದು. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ಡಿ ಕೊರತೆಗೆ ಹೆಚ್ಚಾಗಿ ಬರೆದುಕೊಡುವುದು 60,000 ಯೂನಿಟ್‌ನ ಗುಳಿಗೆ ಅಥವಾ ಪುಡಿ, ವಾರಕ್ಕೊಂದು, ಸುಮಾರು 8 ವಾರ. ದಯವಿಟ್ಟು ಗಮನಿಸಿ, ವಾರಕ್ಕೊಂದು. ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ನೀರಡಿಕೆ ಶುರುವಾಗಿ ಕಿಡ್ನಿಗೇ ಪೆಟ್ಟು ಬೀಳುತ್ತದೆ. ಊಟದ ನಂತರ ತಗೊಳ್ಳಿ. ಚೀಟಿಯ ಅವಧಿ ಮುಗಿದ ಮೇಲೆ ನಿಮ್ಮಷ್ಟಕ್ಕೆ ಮತ್ತೆ ಕೊಳ್ಳಬೇಡಿ.

ಇನ್ನು ಬಿಸಿಲು. ಉಣಕಲ್ ಕೆರೆ ದಂಡೆಯಲ್ಲಿ ನಸುಕಿನ ವಾಕಿಂಗ್ ಲಿವರಿಗೆ ಬಹಳ ಒಳ್ಳೆಯದು, ಆದರೆ ಡಿ ತಯಾರಾಗಲು ಆ ಎಳೆಬಿಸಿಲು ಸಾಲದು. ನೆತ್ತಿಯ ಕಡೆ ಏರಿದ ಬಿಸಿಲು ಬೇಕು, ಸುಮಾರು 11ರಿಂದ 2ರವರೆಗಿನದು. ಕಿಟಕಿ ಗಾಜಿನ ಹಿಂದೆ ಕೂತರೆ ಉಪಯೋಗವಿಲ್ಲ. ಮಾಳಿಗೆ ಮೇಲೆ ಸಂಡಿಗೆ ಹಾಕುವಾಗ ಕೈಕಾಲಿಗೆ ಬಿಸಿಲು ತಾಗಲಿ. ಏಪ್ರಿಲ್-ಮೇ ಝಳದಲ್ಲಿ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಡಿ.

ಲಿವರಿನ ನಿಜವಾದ ಔಷಧ ತೂಕ ಇಳಿಸುವುದು. ಶೇ 5ರಷ್ಟು ಇಳಿದರೆ ಕೊಬ್ಬು ತಗ್ಗುತ್ತದೆ, ಶೇ 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. 80 ಕೆಜಿ ಇದ್ದವರಿಗೆ ಅದು 4ರಿಂದ 8 ಕೆಜಿ. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸಬೇಡಿ. ನಮ್ಮ ತಾಟು ಕೆಟ್ಟದ್ದಲ್ಲ: ಜೋಳದ ರೊಟ್ಟಿ, ಹೆಸರುಕಾಳು ಪಲ್ಲೆ, ಹಸಿ ಸೌತೆ, ಮೆಂತ್ಯ ಸೊಪ್ಪು, ಮೊಸರು. ರೊಟ್ಟಿ ತಿಂದ ಮೇಲೆ ಮತ್ತೆ ತಾಟು ತುಂಬ ಅನ್ನ ಹಾಕಿಕೊಳ್ಳುತ್ತೇವಲ್ಲ, ಅದನ್ನು ಅರ್ಧ ಮಾಡಿ. ಸಂಜೆಯ ಮಿರ್ಚಿ ಭಜಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ, ತಂಪು ಪಾನೀಯ ಬಿಡಿ. ಪೇಡಾ ಹಬ್ಬಕ್ಕಿರಲಿ. ಕುಡಿಯುವ ಅಭ್ಯಾಸವಿದ್ದರೆ ಪೂರ್ತಿ ನಿಲ್ಲಿಸಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ.

ಟೇಪಿನಿಂದ ಸೊಂಟದ ಸುತ್ತಳತೆ ಬರೆದಿಡಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80ರ ಒಳಗಿರಬೇಕು. ಮೂರು ತಿಂಗಳಿಗೆ ಡಿ ಮತ್ತು ಲಿವರ್ ರಕ್ತಪರೀಕ್ಷೆ ಮತ್ತೆ ಬೇಕೇ ಎಂದು ಡಾಕ್ಟರನ್ನು ಕೇಳಿ, ಹಳೆಯ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ.